ಪ್ಯಾಕ್ಲಿಟ್ಯಾಕ್ಸೆಲ್ ಕೀಮೋ: ಕೈಕಾಲು ಜೋಮು ಹಿಡೀದಂಗ ಏನು ಮಾಡಬೇಕು?

ಹುಬ್ಬಳ್ಳಿ ಹುಡುಗಿ: ಅವ್ವಗ 58, ಸ್ತನ ಕ್ಯಾನ್ಸರ್. ಪ್ಯಾಕ್ಲಿಟ್ಯಾಕ್ಸೆಲ್ ವಾರಕ್ಕೊಂದರಂಗ 12 ಅದಾವ. ಸಕ್ಕರಿ ಕಾಯಿಲೆ ಐತಿ, ಮೆಟ್ಫಾರ್ಮಿನ್ ನಡದೈತಿ. ಹೊಲಿಗಿ ಕೆಲಸ ಅಕಿದು. ಐಸ್ ಗ್ಲೋವ್ ತರಸಲೇನು?

ಮಂಡ್ಯ ಹೈದ: ತರಿಸವ್ವ, ನಾವೂ ಅದನ್ನೇ ಆರಿಸಿದ್ದು. 2018ರಲ್ಲಿ ಜಪಾನಿನವರು ಒಂದು ಕೈ, ಒಂದು ಕಾಲಿಗೆ ಮಾತ್ರ ಹಾಕಿ ಹೋಲಿಸಿದರು; ತಣ್ಣಗಿಟ್ಟ ಕಡೆ ಜೋಮು ಕಮ್ಮಿ. ಡ್ರಿಪ್‌ಗೆ 15 ನಿಮಿಷ ಮೊದಲು ಹಾಕಿ, ಒಂದು ಗಂಟೆ ಡ್ರಿಪ್ ಪೂರ್ತಿ ಇರಲಿ, ಮುಗಿದ ಮೇಲೆ ಮತ್ತೆ 15 ನಿಮಿಷ. 45 ನಿಮಿಷಕ್ಕೆ ಗ್ಲೋವ್ ಬದಲಿಸಲೇಬೇಕು, ಹಾಗಾಗಿ ಎರಡು ಜೊತೆ ಖರ್ಚು. ಒಂದೇ ಜೊತೆ ತಂದು ‘ಕೆಲಸ ಮಾಡಲಿಲ್ಲ’ ಅಂತ ಬಯ್ಯೋರು ಬೇಕಾದಷ್ಟು. ಒಳಗೆ ತೆಳು ಕಾಟನ್ ಗ್ಲೋವ್ ಇಲ್ಲದಿದ್ರೆ ಚರ್ಮ ಸುಟ್ಟಂತಾಗುತ್ತೆ. ಸೂಜಿ ಅಂಗೈ ಹಿಂದೆ ಚುಚ್ಚಿದ್ರೆ ಗ್ಲೋವ್ ಕೂರಲ್ಲ, ಮೊದಲೇ ಹೇಳಿ ಮಣಿಕಟ್ಟಿಗಿಂತ ಮೇಲೆ ಹಾಕಿಸಿ.

ಕರಾವಳಿ: ಔಷಧದ ಹೆಸರು ಒತ್ತಿ ಹೇಳದೆ ಐಸ್ ಐಸ್ ಅಂತ ಬರೆಯಬೇಡಿ ಮಾರಾಯ್ರೇ! ಕರುಳಿನ ಕ್ಯಾನ್ಸರಿಗೆ ಆಕ್ಸಾಲಿಪ್ಲಾಟಿನ್ ತೆಗೆದುಕೊಳ್ಳುವವರೂ ಇಲ್ಲಿ ಓದುತ್ತಾರೆ. ಅವರಿಗೆ ಫ್ರಿಜ್ ಬಾಗಿಲು ಮುಟ್ಟಿದರೂ ಬೆರಳಲ್ಲಿ ಶಾಕ್, ತಣ್ಣೀರು ಕುಡಿದರೆ ಗಂಟಲು ಬಿಗಿದು ಉಸಿರೇ ನಿಂತಂತೆ. ಗಂಟಲು ಹಿಡಿದರೆ ಮುಂದಿನ ಸಲ 2 ಗಂಟೆಯ ಡ್ರಿಪ್ಪನ್ನು 6 ಗಂಟೆಗೆ ಎಳೆಯುತ್ತಾರೆ. ನಿಜವಾಗಿ ನರ ಉಳಿಸುವುದು ಡೋಸ್ ಕಡಿಮೆ ಮಾಡುವುದು. ಮೂರನೇ ಹಂತದ ಕರುಳಿನ ಕ್ಯಾನ್ಸರಿನಲ್ಲಿ 6 ತಿಂಗಳ ಬದಲು 3 ತಿಂಗಳು ಕೊಟ್ಟು ನೋಡಿದ 2018ರ ಐಡಿಯಾ ಅಧ್ಯಯನದಲ್ಲಿ ಕಷ್ಟ ಕೊಡುವ ಜೋಮು ಸುಮಾರು 45 ಶೇಕಡದಿಂದ 15ರ ಆಸುಪಾಸಿಗೆ ಇಳಿಯಿತು. ನಾವು ಮೂರು ತಿಂಗಳೇ ಕೇಳಿದೆವು, ಜೊತೆಗೆ ಜೋಮು ತಡೆಯಲೆಂದು ಕ್ಯಾಲ್ಸಿಯಂ-ಮೆಗ್ನೀಷಿಯಂ ಡ್ರಿಪ್.

ಮಂಡ್ಯ ಹೈದ: ಆ ಹುಡುಗಿ ಶೀರ್ಷಿಕೆಯಲ್ಲೇ ಪ್ಯಾಕ್ಲಿಟ್ಯಾಕ್ಸೆಲ್ ಅಂದಿದೆ. ಓದಿ ಬಯ್ಯಿ.

ಡೇಕೇರ್ ಸಿಸ್ಟರ್: ಐಸ್ ತಡೆಯಲಾಗದವರಿಗೆ ಸರ್ಜಿಕಲ್ ಗ್ಲೋವ್ ಇದೆ. ಕೈಗೆ ಸರಿಹೋಗುವ ಸೈಜಿಗಿಂತ ಒಂದು ಚಿಕ್ಕದು, ಒಂದರ ಮೇಲೊಂದು ಎರಡು; ಡ್ರಿಪ್‌ಗೆ ಅರ್ಧ ಗಂಟೆ ಮೊದಲು ಹಾಕಿ, ಡ್ರಿಪ್ ಪೂರ್ತಿ ಇದ್ದು, ಮುಗಿದ ಅರ್ಧ ಗಂಟೆಯ ನಂತರ ತೆಗೆಯಿರಿ. ಫ್ರೀಜರ್ ಬೇಡ, ಸಾವಿರಗಟ್ಟಲೆ ಸುರಿಯೋದೂ ಬೇಡ. ಉಗುರು ನೀಲಿಯಾದರೆ ಬಿಚ್ಚಿ. ಕಂಕುಳ ಗಂಟು ತೆಗೆದ ಕಡೆಯ ಕೈಗೆ ಡಾಕ್ಟರನ್ನು ಕೇಳದೆ ಹಾಕಬೇಡಿ.

ಮಂಡ್ಯ ಹೈದ: ರಬ್ಬರ್ ಬಿಗಿದು ನರ ಉಳಿಸ್ತಾರಂತೆ!

ಡೇಕೇರ್ ಸಿಸ್ಟರ್: ರಕ್ತದ ಹರಿವು ಕಡಿಮೆಯಾದರೆ ಬೆರಳಿಗೆ ಹೋಗುವ ಔಷಧವೂ ಕಡಿಮೆ. ನಿಮ್ಮ ಐಸ್ ಮಾಡೋದೂ ಅದನ್ನೇ ಅಲ್ವಾ?

ಔಷಧಿ ಅಂಗಡಿ ರಾಯರು: ಮಾತ್ರೆಯ ಸುದ್ದಿ ಯಾರೂ ಎತ್ತಲಿಲ್ಲ. ತಡೆಯುತ್ತೆ ಅಂತ ಸಾಬೀತಾದ ಮಾತ್ರೆ ಒಂದೂ ಇಲ್ಲ. ನರಕ್ಕೆ ಒಳ್ಳೇದು ಅಂತ ಮಾರುವ ಅಸಿಟೈಲ್ ಎಲ್ ಕಾರ್ನಿಟಿನ್ ಅಂತೂ ಮುಟ್ಟಬೇಡಿ: 2013ರ ಅಧ್ಯಯನದಲ್ಲಿ ದಿನಕ್ಕೆ 3 ಗ್ರಾಂ ತಗೊಂಡ ಸ್ತನ ಕ್ಯಾನ್ಸರ್ ಹೆಂಗಸರಿಗೆ ಜೋಮು ಹೆಚ್ಚೇ ಆಯಿತು. ‘ನರದ ಮಾತ್ರೆ’ ಅಂತ ಸಿಕ್ಕಿದ್ದೆಲ್ಲ ನುಂಗಿದರೆ ಬಿ6 ಮಿತಿ ಮೀರಿ ಅದೇ ನರ ಕೆಡಿಸುತ್ತೆ. ಮೆಟ್ಫಾರ್ಮಿನ್‌ನಿಂದ ಬಿ12 ಇಳಿದಿರಬಹುದು, ಕೀಮೋಗೆ ಮೊದಲೇ ರಕ್ತ ಪರೀಕ್ಷೆ ಮಾಡಿಸಮ್ಮ. ಡುಲೋಕ್ಸೆಟಿನ್ ಮಾತ್ರೆ ಕೊಡೋದು ಉರಿ-ನೋವು ಬಂದ ಮೇಲೆ, 30 ಮಿಲಿಗ್ರಾಂನಿಂದ 60ಕ್ಕೆ, ತಡೆಯೋಕಲ್ಲ. ಮುಂದೆ ಟಮಾಕ್ಸಿಫೆನ್ (ಸ್ತನ ಕ್ಯಾನ್ಸರಿನ ಹಾರ್ಮೋನ್ ಚಿಕಿತ್ಸೆಯ ಮಾತ್ರೆ) ಬರೆದರೆ ಡುಲೋಕ್ಸೆಟಿನ್ ತಗೊಳ್ತಿರೋದನ್ನು ಆ ಡಾಕ್ಟರಿಗೆ ಹೇಳಲೇಬೇಕು, ಅದು ಟಮಾಕ್ಸಿಫೆನ್ ಕೆಲಸಕ್ಕೆ ಅಡ್ಡ ಬರಬಹುದು. ಸೂಜಿಗೆ ದಾರ ಪೋಣಿಸಲು, ಗುಂಡಿ ಹಾಕಲು ತಡವರಿಸಿದ್ರೆ, ಕಾಲಿಂದ ಚಪ್ಪಲಿ ಜಾರಿದ್ದು ಗೊತ್ತಾಗದಿದ್ರೆ ಮುಂದಿನ ಡ್ರಿಪ್‌ಗೆ ಮೊದಲೇ ಹೇಳಿ. ಸಹಿಸಿಕೊಂಡು 12 ಮುಗಿಸಿದ್ರೆ ಬಹುಮಾನ ಕೊಡಲ್ಲ.

ಕರಾವಳಿಯವರೇ, ಕ್ಯಾಲ್ಸಿಯಂ-ಮೆಗ್ನೀಷಿಯಂ 2014ರಲ್ಲೇ 353 ಜನರ ಮೇಲೆ ಪರೀಕ್ಷೆಯಾಗಿ ಬಿದ್ದುಹೋಯಿತು.

ಕರಾವಳಿ: ನಮಗೆ ಉಪಯೋಗ ಆಗಿದೆ, ಸುಮ್ಮನೆ ಏನಾದರೂ ಹೇಳಬೇಡಿ.

ಔಷಧಿ ಅಂಗಡಿ ರಾಯರು: ಉಪಯೋಗ ಆಗಿದ್ದು ಮೂರೇ ತಿಂಗಳಿಗೆ ನಿಲ್ಲಿಸಿದ್ದರಿಂದ. ಆಕ್ಸಾಲಿಪ್ಲಾಟಿನ್ ಜೋಮು ನಿಲ್ಲಿಸಿದ ಮೇಲೂ ಎರಡು ಮೂರು ತಿಂಗಳು ಏರುತ್ತೆ, ಅಷ್ಟು ದಿನ ಕಳೆದವೇ?

ಕರಾವಳಿ: ಇನ್ನೂ ಇಲ್ಲ.