‘ಬೇಕೆಂದು ಮಾಡಿದ್ದಲ್ಲ’ ಎಂಬುದಕ್ಕೆ ನಾಮಪದದ ಹಿಂದೆ ನಿಲ್ಲುವ ಪದ ಯಾವುದು?

ಅನುವಾದಗೊಂಡ ಕತೆಯೊಂದರ ಕರಡನ್ನು ತಿದ್ದುವಾಗ ಎದುರಾದ ತೊಡಕನ್ನು ಇಲ್ಲಿ ಮುಂದಿಡುತ್ತಿದ್ದೇನೆ. ಕತೆಯಲ್ಲಿ ಹುಡುಗನೊಬ್ಬನ ಮೊಣಕೈ ತಗುಲಿ ಮೇಜಿನ ಮೇಲಿದ್ದ ಗಾಜಿನ ಲೋಟ ಕೆಳಗೆ ಬಿದ್ದು ಒಡೆಯುತ್ತದೆ. ಅದೇ ಹುಡುಗ ಮುಂದೆ ಬೇರೊಬ್ಬರ ಕೊಡೆಯನ್ನು ತನ್ನದೆಂದು ಭಾವಿಸಿ ಒಯ್ಯುತ್ತಾನೆ. ಕೊನೆಗೆ, ಗುಟ್ಟಾಗಿ ಇಡಬೇಕಿದ್ದ ಮಾತೊಂದನ್ನು ಎಲ್ಲರೆದುರು ಆಡಿಬಿಡುತ್ತಾನೆ. ಈ ಮೂರೂ ಕಡೆ ಅನುವಾದಕರು ‘ಉದ್ದೇಶಪೂರ್ವಕವಲ್ಲದೆ’ ಎಂಬ ಒಂದೇ ಪದವನ್ನು ಬಳಸಿದ್ದರು. ಮಗುವಿನ ಕತೆಯಲ್ಲಿ ದೋಷಾರೋಪ ಪಟ್ಟಿಯ ಭಾಷೆ ಕೇಳಿಸಿದಂತಾಗಿ, ನಾನು ಮೂರನ್ನೂ ‘ಅರಿಯದೆ’ ಎಂದು ತಿದ್ದಿದೆ. ಮರುದಿನ ಓದಿ ನೋಡಿದರೆ ಕೊಡೆಯ ವಾಕ್ಯವೊಂದೇ ಸರಿಯಾಗಿ ಕೂತಿತ್ತು, ಉಳಿದೆರಡೂ ಕೆಟ್ಟಿದ್ದವು.

ಕಾರಣ ಸ್ಪಷ್ಟ. ಕೊಡೆ ಯಾರದೆಂಬುದು ಆ ಹುಡುಗನಿಗೆ ತಿಳಿದಿರಲಿಲ್ಲ. ಅಲ್ಲಿ ಕೊರತೆಯಿದ್ದದ್ದು ತಿಳಿವಳಿಕೆಯದು, ಆದ್ದರಿಂದ ‘ಅರಿಯದೆ’, ‘ತಿಳಿಯದೆ’ ಎರಡೂ ಒಪ್ಪುತ್ತವೆ. ಲೋಟದ ವಿಷಯದಲ್ಲಾದರೋ ಅವನು ಅರಿಯದಿದ್ದುದು ಏನೂ ಇರಲಿಲ್ಲ. ಲೋಟ ಅಲ್ಲಿರುವುದೂ ಗೊತ್ತು, ಬಿದ್ದರೆ ಒಡೆಯುವುದೂ ಗೊತ್ತು; ಇಲ್ಲದಿದ್ದುದು ಒಡೆಯಬೇಕೆಂಬ ಇಚ್ಛೆ ಮಾತ್ರ. ‘ಅರಿವಿಲ್ಲದೆ’ ಎಂದರೆ ಇನ್ನೂ ಬೇರೆಯದೇ ಅರ್ಥ. ‘ತನ್ನ ಅರಿವಿಲ್ಲದೆಯೇ ಕಾಲು ಅಲ್ಲಾಡಿಸುತ್ತಿದ್ದ’ ಎಂಬಲ್ಲಿ ಕೊರತೆ ತಿಳಿವಳಿಕೆಯದೂ ಅಲ್ಲ, ಇಚ್ಛೆಯದೂ ಅಲ್ಲ, ಗಮನದ್ದು. ‘ಗೊತ್ತಿಲ್ಲದೆ’ ಎಂಬುದರಲ್ಲಿ ಮತ್ತೊಂದು ಸೂಕ್ಷ್ಮವಿದೆ. ‘ನನಗೆ ಗೊತ್ತಿಲ್ಲದೆಯೇ ಕೈಯೆತ್ತಿದೆ’ ಎಂದರೆ ಮಾಡಿದವನು ನಾನೇ, ಆದರೆ ‘ನನಗೆ ಗೊತ್ತಿಲ್ಲದೆ ಮನೆ ಮಾರಿದರು’ ಎಂದರೆ ಮಾಡಿದವರು ಬೇರೆ, ಅದೂ ನನ್ನ ಕಣ್ಣಿಗೆ ಮಣ್ಣೆರಚಿ, ಬೇಕೆಂದೇ ಮಾಡಿದ್ದು.

‘ಆಕಸ್ಮಿಕವಾಗಿ’ ಎಂದು ಬರೆದುಬಿಡುವುದು ಸುಲಭದ ದಾರಿ, ಆದರೆ ಅದನ್ನು ನಾನು ಒಪ್ಪಲಾರೆ. ಸಂಸ್ಕೃತದಲ್ಲಿ ‘ಕಸ್ಮಾತ್’ ಎಂದರೆ ‘ಯಾವುದರಿಂದ, ಏತಕ್ಕೆ’ ಎಂಬ ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ಕಾಣದಂತೆ ಒದಗಿದ್ದು ‘ಅಕಸ್ಮಾತ್’. ಅಂದರೆ ಆ ಪದ ನೋಡುವುದು ಘಟನೆಯ ಕಡೆಗೇ ಹೊರತು ಮಾಡಿದವನ ಮನಸ್ಸಿನ ಕಡೆಗಲ್ಲ. ಹಳೆಯ ಗೆಳೆಯನ ಭೇಟಿಯೂ ಆಕಸ್ಮಿಕವಾಗಬಹುದು, ಅಲ್ಲಿ ತಪ್ಪಿನ ಮಾತೇ ಇಲ್ಲ. ಆಡುಮಾತಿನಲ್ಲಿ ‘ಅಕಸ್ಮಾತ್’ ಬಹುಪಾಲು ‘ಒಂದು ವೇಳೆ’ ಎಂಬ ಅರ್ಥಕ್ಕೇ ಸರಿದಿದೆ: ‘ಅಕಸ್ಮಾತ್ ಅವರು ಬರದಿದ್ದರೆ?’ ‘ಅಚಾತುರ್ಯ’ ಮತ್ತು ‘ಪ್ರಮಾದ’ ಕ್ಷಮಾಪಣೆಯ ಪತ್ರಗಳಿಗೆ ಸಲ್ಲುತ್ತವೆ. ಅವುಗಳೊಳಗೆ ‘ಎಚ್ಚರ ವಹಿಸಬೇಕಿತ್ತು’ ಎಂಬ ಒಪ್ಪಿಗೆ ಮೊದಲೇ ಸೇರಿಕೊಂಡಿರುವುದರಿಂದ ನಿರಪರಾಧಿಯಾದ ಮಗುವಿನ ಮೇಲೆ ಹೊರಿಸಲಾಗದು. ‘ಅನೈಚ್ಛಿಕ’ ಎಂಬುದು ಹೃದಯದ ಮತ್ತು ಕರುಳಿನ ಸ್ನಾಯುಗಳನ್ನು ವಿವರಿಸುವ ಪಾಠಕ್ಕೆ ತಕ್ಕ ಪದ, ಅಲ್ಲಿಯೇ ಇರಲಿ.

ಮೂರನೆಯ ವಾಕ್ಯಕ್ಕೆ, ಅಂದರೆ ಗುಟ್ಟು ಹೊರಬಿದ್ದ ಕಡೆಗೆ, ಕನ್ನಡದ ಸ್ವಂತ ದಾರಿಯೇ ಒದಗಿತು. ನಮ್ಮ ಮಾತು ಇಂಥ ಸಂದರ್ಭದಲ್ಲಿ ಇಡೀ ಮನುಷ್ಯನನ್ನು ಹಿಡಿಯದೆ, ತಪ್ಪಿದ ಅಂಗವನ್ನಷ್ಟೇ ಹೆಸರಿಸುತ್ತದೆ: ಬಾಯಿತಪ್ಪಿ ಆಡಿದ ಮಾತು, ಕಣ್ತಪ್ಪಿನಿಂದ ಉಳಿದ ಅಕ್ಷರದೋಷ, ಕೈತಪ್ಪಿ ಬಿದ್ದ ಪಾತ್ರೆ. ಇಚ್ಛೆ ಒಂದು ಕಡೆಗಿತ್ತು, ಅಂಗ ಇನ್ನೊಂದು ಕಡೆಗೆ ಹೋಯಿತು ಎಂಬ ವಿವರಣೆ ಆ ಸಮಾಸದಲ್ಲಿಯೇ ಅಡಗಿದೆ. ಆದರೂ ಇಲ್ಲಿ ಜಾಗ್ರತೆ ಬೇಕು. ‘ಅವಕಾಶ ಕೈತಪ್ಪಿತು’ ಎಂದರೆ ಸಿಗದೇ ಹೋಯಿತು ಎಂದರ್ಥ. ‘ಎಚ್ಚರ ತಪ್ಪಿ ಬಿದ್ದ’ ಎಂದರೆ ಮೂರ್ಛೆ ಹೋದನೆಂದೇ ಓದುಗರು ತಿಳಿಯುತ್ತಾರೆ.

ಲೋಟದ ವಾಕ್ಯವನ್ನು ಮಾತ್ರ ಕ್ರಿಯಾವಿಶೇಷಣದಿಂದ ಸರಿಪಡಿಸಲು ಆಗಲೇ ಇಲ್ಲ. ಅಲ್ಲಿ ಕೆಲಸ ಮಾಡುವುದು ಕ್ರಿಯಾಪದ. ‘ಒಡೆ’ ಎಂಬ ಧಾತು ಸಕರ್ಮಕವೂ ಹೌದು, ಅಕರ್ಮಕವೂ ಹೌದು: ‘ಲೋಟ ಒಡೆದೆ’ ಎನ್ನಬಹುದು, ‘ಲೋಟ ಒಡೆಯಿತು’ ಎನ್ನಬಹುದು. ಮಕ್ಕಳು ಹೇಳುವುದು ಎರಡನೆಯದನ್ನು, ಅದಕ್ಕೂ ‘ಹೋಗು’ ಸೇರಿಸಿ: ‘ಅಮ್ಮಾ, ಲೋಟ ಒಡೆದುಹೋಯಿತು.’ ತಾಯಿ ಬಿಡುವುದಿಲ್ಲ: ‘ಅದಾಗಿ ಅದೇ ಒಡೆಯಿತೇನೋ? ಒಡೆದವನು ನೀನಲ್ಲವೇನೋ?’ ಈ ಎರಡು ಮಾತುಗಳ ನಡುವೆ ಇರುವ ಜಗಳವೆಲ್ಲ ಸಕರ್ಮಕ, ಅಕರ್ಮಕಗಳ ಜಗಳವೇ. ಬರಹದಲ್ಲಿ ಈ ಗಡಿ ಒಮ್ಮೊಮ್ಮೆ ಪೂರ್ತಿ ಅಳಿಸಿಹೋಗುವುದೂ ಉಂಟು. ‘ನೀರು ಚೆಲ್ಲಿದೆ’ ಎಂಬುದನ್ನು ‘ಚೆಲ್ಲಿದೆನು’ ಎಂಬುದರ ಮೊಟಕು ರೂಪವೆಂದು ಓದಿದರೆ ಚೆಲ್ಲಿದವನು ನಾನು. ‘ಚೆಲ್ಲಿ ಇದೆ’ ಎಂದು ಬಿಡಿಸಿದರೆ ಚೆಲ್ಲಿದವರು ಯಾರೂ ಇಲ್ಲ, ನೀರು ನೆಲದ ಮೇಲಿದೆ ಅಷ್ಟೇ. ಅಕ್ಷರ ಒಂದೇ. ತಪ್ಪೊಪ್ಪಿಗೆಯೂ ಬರಿಯ ವರದಿಯೂ ಹೀಗೆ ಒಂದೇ ರೂಪದಲ್ಲಿ ಕೂಡುವುದನ್ನು ಗಮನಿಸಿದ ದಿನ ನನಗೆ ನಿಜವಾಗಿಯೂ ಬೆರಗಾಯಿತು.

ಇನ್ನು ಹುಡುಗನ ಸಮರ್ಥನೆಯ ಮಾತು. ಅನುವಾದಕರು ‘ನಾನು ಬೇಕೆಂದು ಒಡೆಯಲಿಲ್ಲ’ ಎಂದು ಬರೆದಿದ್ದರು. ನಾನು ಅದನ್ನು ‘ನಾನು ಬೇಕೆಂದು ಒಡೆದದ್ದಲ್ಲ’ ಎಂದು ಬದಲಾಯಿಸಿದೆ. ಮೊದಲನೆಯದು ತಪ್ಪೆಂದು ನಾನು ಹೇಳುತ್ತಿಲ್ಲ, ಜನ ಹಾಗೂ ಆಡುತ್ತಾರೆ. ಆದರೆ ಅಲ್ಲಿ ಕೊನೆಯ ನಿಷೇಧ ಕ್ರಿಯೆಗೇ ಅಂಟಿಕೊಂಡಿರುವುದರಿಂದ ‘ಒಡೆಯಲೇ ಇಲ್ಲ’ ಎಂಬ ನೆರಳು ಸ್ವಲ್ಪ ಉಳಿಯುತ್ತದೆ. ಎರಡನೆಯದರಲ್ಲಿ ‘ಒಡೆದದ್ದು’ ಎಂಬ ನಾಮರೂಪ ಕೆಲಸ ನಡೆದದ್ದನ್ನು ಒಪ್ಪಿಕೊಳ್ಳುತ್ತದೆ. ಬಳಿಕ ಬರುವ ‘ಅಲ್ಲ’ ಅಲ್ಲಗಳೆಯುವುದು ‘ಬೇಕೆಂದು’ ಎಂಬುದನ್ನು ಮಾತ್ರ. ‘ಇಲ್ಲ’ ಮತ್ತು ‘ಅಲ್ಲ’ ಎಂಬ ಎರಡು ನಿಷೇಧಗಳು ಬೇರೆ ಬೇರೆಯಾಗಿ ಉಳಿದಿರುವುದರಿಂದಲೇ ಕನ್ನಡ ಮಾತನಾಡುವವನು ಕೃತ್ಯವನ್ನು ಒಪ್ಪಿ ಇಚ್ಛೆಯನ್ನು ನಿರಾಕರಿಸುವ ಕೆಲಸವನ್ನು ಇಷ್ಟು ಸಲೀಸಾಗಿ ಮಾಡಬಲ್ಲ. ‘ಉದ್ದೇಶಪೂರ್ವಕವಲ್ಲದ’ ಎಂಬ ಉದ್ದನೆಯ ಪದದೊಳಗೂ ಅದೇ ‘ಅಲ್ಲ’ ಕೂತಿದೆ ಎಂಬುದು ನಿಜ, ಆದರೆ ಅಲ್ಲಿ ಅದರ ದನಿ ಕೇಳಿಸುವುದಿಲ್ಲ.

ಪ್ರಸಂಗವಶಾತ್ ಇನ್ನೊಂದು ಮಾತು. ಬಯಸದೆಯೇ ಸರಿಯಾಗಿಬಿಟ್ಟ ಕೆಲಸಕ್ಕೆ ‘ಘುಣಾಕ್ಷರ ನ್ಯಾಯ’ ಎಂಬ ಹಳೆಯ ಮಾತಿದೆ: ಮರ ಕೊರೆಯುವ ಹುಳು ತನ್ನ ಪಾಡಿಗೆ ತಿನ್ನುತ್ತ ಸಾಗಿದಾಗ ಆ ಗೀರು ಅಕ್ಷರದಂತೆ ಕಾಣುತ್ತದೆ, ಹುಳುವಿಗೆ ಬರೆಯುವ ಉದ್ದೇಶವೇನೂ ಇರುವುದಿಲ್ಲ. ‘ಕಾಕತಾಳೀಯ’ ಎಂಬುದನ್ನು ಇದರ ಜಾಗದಲ್ಲಿ ಬಳಸುವುದನ್ನು ಕಾಣುತ್ತೇನೆ, ಆದರೆ ಕಾಗೆ ಬಂದದ್ದಕ್ಕೂ ತಾಳೆಯ ಹಣ್ಣು ಬಿದ್ದದ್ದಕ್ಕೂ ಇರುವುದು ಏಕಕಾಲದ ನಂಟು. ಉದ್ದೇಶವಿಲ್ಲದೆ ರೂಪುಗೊಂಡದ್ದನ್ನು ಹೇಳಲು ಹುಳುವಿನ ಅಕ್ಷರವೇ ಸರಿ.

ಈಗ ನನ್ನ ಪ್ರಶ್ನೆ. ವಾಕ್ಯದ ಕೊನೆಯಲ್ಲಿ ‘ಬೇಕೆಂದು ಮಾಡಿದ್ದಲ್ಲ’ ಸುಂದರವಾಗಿ ನಿಲ್ಲುತ್ತದೆ. ಅದನ್ನೇ ನಾಮಪದವೊಂದರ ಹಿಂದೆ ವಿಶೇಷಣವಾಗಿ ಇಡಬೇಕಾದಾಗ ಕೈ ಕಟ್ಟಿದಂತಾಗುತ್ತದೆ. ‘ಬೇಡದ ಗಾಯ’, ‘ಬಯಸದ ಗಾಯ’ ಎಂದರೆ ಗಾಯಗೊಂಡವನು ಬಯಸಲಿಲ್ಲ ಎಂದಾಗುತ್ತದೆ, ಗಾಯ ಮಾಡಿದವನ ಮಾತು ಬರುವುದಿಲ್ಲ. ‘ಉದ್ದೇಶವಿಲ್ಲದ ಕೆಲಸ’ ಎಂದರೆ ಗುರಿಯಿಲ್ಲದ, ವ್ಯರ್ಥವಾದ ಕೆಲಸ ಎಂಬ ಅರ್ಥವೇ ಮುಂದಾಗುತ್ತದೆ. ‘ಎಣಿಸದ’ ಎಂಬುದು ಅನಿರೀಕ್ಷಿತದ ಕಡೆಗೆ ವಾಲುತ್ತದೆ. ಸದ್ಯಕ್ಕೆ ‘ಉದ್ದೇಶಿಸದೆ ಮಾಡಿದ ಗಾಯ’ ಎಂದು ಇಟ್ಟುಕೊಂಡಿದ್ದೇನೆ, ಪೂರ್ತಿ ತೃಪ್ತಿಯಿಲ್ಲ. ಇದಕ್ಕಿಂತ ಚಿಕ್ಕದಾದ, ಮನೆಮಾತಿನಲ್ಲಿ ನಿಜವಾಗಿಯೂ ಚಾಲ್ತಿಯಲ್ಲಿರುವ ವಿಶೇಷಣವನ್ನು ಯಾರಾದರೂ ಕೇಳಿದ್ದರೆ, ಅದು ಬಂದ ಇಡೀ ವಾಕ್ಯದೊಡನೆ ದಯವಿಟ್ಟು ತಿಳಿಸಬೇಕು.