ನದಿಯ ದಂಡೆಗಿಂತ ದೂರದ ಬಯಲಿನಲ್ಲೇ ನೆರೆನೀರು ಹೆಚ್ಚು ದಿನ ನಿಲ್ಲುವುದೇಕೆ?

ಪ್ರಶ್ನೆ:
ನದಿ ಉಕ್ಕಿದಾಗ ದಂಡೆಗೆ ತಾಗಿದ ನೆಲ ಎರಡು ಮೂರು ದಿನಗಳಲ್ಲಿ ಆರಿದರೂ, ಅಲ್ಲಿಂದ ಒಂದೆರಡು ಕಿಲೋಮೀಟರ್ ಆಚೆಗಿನ ಬಯಲಿನಲ್ಲಿ ವಾರಗಟ್ಟಲೆ ನೀರು ಇಳಿಯದಿರುವುದುಂಟು. ಹಾಗಾದರೆ ನದಿಯಿಂದ ದೂರವಾದಷ್ಟೂ ಅಪಾಯ ಕಡಿಮೆ ಎಂಬ ಎಣಿಕೆ ತಪ್ಪೇ? ಕರಾವಳಿಯ ತಗ್ಗು ನೆಲದಲ್ಲಿಯೂ ಹೀಗೆಯೇ ಆಗುವುದೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಕಡಿದಾದ ಕಣಿವೆಗಳಲ್ಲಿ ಆ ಎಣಿಕೆ ಸರಿ. ಮೆಕ್ಕಲು ಬಯಲಿಗೆ ಅದು ಸಲ್ಲದು. ನದಿ ದಂಡೆ ಮೀರಿದೊಡನೆ ನೀರಿನ ವೇಗ ತಗ್ಗುವುದರಿಂದ ದಪ್ಪ ಮರಳು ಅಲ್ಲಿಯೇ ತಂಗಿ, ನುಣ್ಣನೆಯ ಜೇಡಿ ಮಾತ್ರ ದೂರಕ್ಕೆ ಸಾಗುತ್ತದೆ. ಹೀಗೆ ನೆರೆಯಿಂದ ನೆರೆಗೆ ದಂಡೆಯೇ ಸಹಜವಾದ ಏರಿಯಾಗಿ ಬೆಳೆಯುತ್ತದೆ, ಅದರ ಹಿಂದಿನ ಬಯಲು ತಗ್ಗಾಗಿ ಉಳಿಯುತ್ತದೆ. ಅಲ್ಲಿಯ ಜೇಡಿಯೊಳಗೆ ನೀರು ಬೇಗ ಇಂಗುವುದಿಲ್ಲ. ನದಿಗೆ ಮರಳೋಣವೆಂದರೆ ಏರಿ ಅಡ್ಡವಿದೆ. ಮಿಸ್ಸಿಸಿಪ್ಪಿಯ ಬಯಲಿನಲ್ಲಿ ಯಾಜೂ ಎಂಬ ಉಪನದಿಯೇ ಈ ಏರಿಯನ್ನು ದಾಟಲಾರದೆ, ಮುಖ್ಯ ನದಿಯ ಪಕ್ಕದಲ್ಲಿ ಬಹುದೂರ ಹರಿದ ಮೇಲೆ ಅದನ್ನು ಕೂಡುತ್ತದೆ ಎಂದರೆ, ನಿಂತ ನೆರೆನೀರಿನ ಪಾಡನ್ನು ಊಹಿಸಬಹುದು.

ಉತ್ತರ 2:
ಮನುಷ್ಯರು ಕಟ್ಟುವ ಒಡ್ಡುಗಳ ವಿಚಾರವನ್ನೂ ಇಲ್ಲಿ ಸೇರಿಸಬೇಕು. ಹೂಳು ಹೆಚ್ಚಾಗಿ ಹೊರುವ ನದಿಯನ್ನು ಎರಡು ಒಡ್ಡುಗಳ ನಡುವೆ ಹಿಡಿದಿಟ್ಟರೆ ಹೂಳು ಬಯಲಿಗೆ ಹರಡದೆ ಪಾತ್ರದಲ್ಲಿಯೇ ತುಂಬಿಕೊಳ್ಳುತ್ತದೆ. ಚೀನಾದ ಹಳದಿ ನದಿಯ ಕೆಳಭಾಗದಲ್ಲಿ ನದಿಯ ತಳವೇ ಸುತ್ತಲಿನ ನೆಲಕ್ಕಿಂತ ಮೇಲಿದೆ. 1855ರಲ್ಲಿ ಅದು ಒಡ್ಡು ಮುರಿದು ಉತ್ತರಕ್ಕೆ ತಿರುಗಿ, ಬೋಹೈ ಕೊಲ್ಲಿಯನ್ನು ಸೇರಿತು. 2008ರ ಆಗಸ್ಟ್‌ನಲ್ಲಿ ನೇಪಾಳದ ಕುಸಹಾ ಬಳಿ ಒಡ್ಡು ಒಡೆದಾಗ ಕೋಸಿ ನದಿ ಬಿಹಾರದೊಳಗಿನ ತನ್ನ ಹಳೆಯ ಪಾತ್ರಗಳಿಗೆ ನುಗ್ಗಿತು. ಅಂದಿನ ಹರಿವು ಆ ಒಡ್ಡು ತಾಳಬೇಕಿದ್ದ ಗರಿಷ್ಠ ಹರಿವಿಗಿಂತ ಬಹಳ ಕಡಿಮೆಯಿತ್ತು ಎಂಬುದನ್ನು ಮರೆಯಬಾರದು.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರವಾಯಿತು. ಕರಾವಳಿಯ ವಿಚಾರ ಮಾತ್ರ ಉಳಿಯಿತು.

ಉತ್ತರ 3:
ಕರಾವಳಿಯಲ್ಲಿ ಆ ಏರಿಯ ಕೆಲಸವನ್ನು ಅಲೆ ಮತ್ತು ಗಾಳಿ ಒಟ್ಟಿದ ಮರಳ ದಿಬ್ಬಗಳು ಮಾಡುತ್ತವೆ. ಅವು ಕಡಲನ್ನು ತಡೆಯುವಂತೆಯೇ ಹಿಂದಿನ ಮಳೆನೀರನ್ನೂ ತಡೆಯುತ್ತವೆ. ನೀರಿಗೆ ಉಳಿಯುವ ದಾರಿ ಅಳಿವೆಯೊಂದೇ. ದೊಡ್ಡ ಉಬ್ಬರದ ಹೊತ್ತಿನಲ್ಲಿ ಸಮುದ್ರದ ಮಟ್ಟವೇ ಏರಿರುವುದರಿಂದ ಅಲ್ಲಿಯೂ ಹೊರಹರಿವು ನಿಂತು, ನದಿಯ ನೀರು ಹಿಂದಕ್ಕೆ ಒತ್ತುತ್ತದೆ. ಕಡಲ ತಳದ ಆಕಾರವೂ ಮುಖ್ಯವೇ. ಬಂಗಾಳ ಕೊಲ್ಲಿಯ ಉತ್ತರ ತುದಿ ಆಳವಿಲ್ಲದೆ, ಆಲಿಕೆಯಂತೆ ಕಿರಿದಾಗುತ್ತ ಹೋಗುವುದರಿಂದ ಚಂಡಮಾರುತ ತಳ್ಳಿದ ನೀರು ಅಲ್ಲಿ ಬಹಳ ಎತ್ತರಕ್ಕೆ ಏರುತ್ತದೆ; 1970ರ ನವೆಂಬರ್‌ನಲ್ಲಿ ಲಕ್ಷಾಂತರ ಜನರ ಸಾವಿಗೆ ಮುಖ್ಯ ಕಾರಣ ಹಾಗೆ ಏರಿ ಬಂದ ನೀರೇ. ನಿಂತ ನೀರನ್ನು ಬೇಗ ಹೊರಹಾಕಬೇಕೆಂದು ಮರಳ ದಿಬ್ಬವನ್ನು ಕಡಿಯುವವರಿದ್ದಾರೆ. ಅದನ್ನು ನಾನು ಒಪ್ಪಲಾರೆ, ಏಕೆಂದರೆ ನೀರು ಹೊರಹೋಗಲು ಕಡಿದ ಜಾಗದಿಂದಲೇ ಮುಂದಿನ ಬಿರುಗಾಳಿಯಲ್ಲಿ ಕಡಲು ಒಳಗೆ ಬರುತ್ತದೆ.