‘ನಿಯಮಿತ’ದೊಳಗೆ ಹೊಣೆ ಎಲ್ಲಿ ಹೋಯಿತು?

ಮಂಡ್ಯದಲ್ಲಿ ಕನ್ನಡದಲ್ಲೇ ವಾಣಿಜ್ಯ ಓದುವ ಹುಡುಗರಿಗಾಗಿ 2008ರ ಬ್ಯಾಂಕ್ ಕುಸಿತದ ಬಗ್ಗೆ ಪಾಠ ಬರೆಯುತ್ತಿದ್ದೇನೆ. ಎರಡು ಮಾತಿನ ಹತ್ತಿರ ಕೈ ನಿಂತುಬಿಟ್ಟಿದೆ. ಬಲ್ಲವರು ನೆರವಾಗಬೇಕು.

ಮೊದಲನೆಯದು ‘ಲಿಮಿಟೆಡ್’. ಬೋರ್ಡುಗಳ ಮೇಲೆ ನಾವದನ್ನು ‘ನಿಯಮಿತ’ ಎಂದು ಬರೆಯುತ್ತ ಬಂದಿದ್ದೇವೆ. ಅರ್ಥ ಕೇಳಿದರೆ ಹುಡುಗರು ‘ನಿಯಮದಂತೆ ನಡೆಯುವ ಸಂಸ್ಥೆ’ ಅನ್ನುತ್ತಾರೆ. ತಪ್ಪು ಅವರದ್ದಲ್ಲ. ‘ನಿಯಮಿತವಾಗಿ ಮಾತ್ರೆ ತಗೊಳ್ಳಿ’ ಅಂತ ಕೇಳಿ ಬೆಳೆದವರಿಗೆ ಬೇರೆ ಅರ್ಥ ಹೊಳೆಯುವುದಾದರೂ ಹೇಗೆ? ಮಿತಿ ಇರುವುದು ಹೊಣೆಗೆ. ಕಂಪನಿ ಮುಳುಗಿದರೆ ಷೇರಿಗೆ ಹಾಕಿದ ದುಡ್ಡು ಹೋಗುತ್ತದೆ, ಮನೆ ಹೊಲ ಹೋಗುವುದಿಲ್ಲ. ಈ ತಿರುಳನ್ನೇ ಆ ಪದ ಮುಚ್ಚಿಹಾಕಿದೆ.

‘ಹೊಣೆ’ ಹಳಗನ್ನಡದಲ್ಲಿ ಪೊಣೆ, ನಮ್ಮೂರ ಬಾಯಲ್ಲಿ ಒಣೆ. ಜವಾಬ್ದಾರಿಯೊಳಗೆ ಪಾರ್ಸಿಯಿಂದ ಬಂದ ಜವಾಬು ಇದೆ, ಉತ್ತರದಾಯಿತ್ವದಲ್ಲಿ ಉತ್ತರವಿದೆ. ಎರಡಕ್ಕೂ ಮಾತು ಸಾಕು. ಹೊಣೆಗೆ ಮಾತು ಸಾಲದು, ಅದರ ಅರ್ಥವೇ ಜಾಮೀನು. ನಮ್ಮಪ್ಪ ಪಕ್ಕದ ಹೊಲದವರ ಸಾಲಕ್ಕೆ ಒಣೆ ನಿಂತಿದ್ದರು. ಆ ವರ್ಷ ನಾಲೆಗೆ ನೀರು ಬರಲಿಲ್ಲ, ಕಬ್ಬು ಒಣಗಿತು, ನೋಟೀಸು ನಮ್ಮ ಮನೆಗೆ ಬಂತು. ಅಪ್ಪ ಜೋಡೆತ್ತು ಮಾರಿ, ನೋಟನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಸೊಸೈಟಿಗೆ ಹೊರಟರು. ‘ಸಾಲ ತಗಂಡೋರು ಕಟ್ಲಿ ಬಿಡಪ್ಪ’ ಅಂದೆ. ‘ಒಣೆ ನಿಂತ್‌ಮ್ಯಾಲೆ ಮುಗೀತು ಕಣ್ಲಾ’ ಅಂದರು. ಎಷ್ಟೋ ಕಾಲ ಕೊಟ್ಟಿಗೆಯ ಗೂಟಗಳು ಬರಿದಾಗಿಯೇ ಇದ್ದವು.

ಬ್ರಿಟಿಷ್ ಇಂಡಿಯಾದ 1904ರ ಸಹಕಾರ ಕಾಯ್ದೆಯೂ ಹಳ್ಳಿಯ ಪತ್ತಿನ ಸಂಘಗಳಿಗೆ ಮಿತಿಯಿಲ್ಲದ ಹೊಣೆಯನ್ನೇ ವಿಧಿಸಿತ್ತು. ಅಮೆರಿಕದ ಹಣಕಾಸು ಪೇಟೆಯಾದ ವಾಲ್ ಸ್ಟ್ರೀಟಿನಲ್ಲೂ ಗೋಲ್ಡ್‌ಮನ್ ಸ್ಯಾಕ್ಸ್‌ನಂಥ ಬ್ಯಾಂಕುಗಳು ಬಹುಕಾಲ ಪಾಲುದಾರರ ಸಂಸ್ಥೆಗಳಾಗಿದ್ದವು, ನಷ್ಟವಾದರೆ ಪಾಲುದಾರರ ಗಂಟೇ ಕರಗುತ್ತಿತ್ತು. ಗೋಲ್ಡ್‌ಮನ್ 1999ರಲ್ಲಿ ಷೇರುಪೇಟೆಗೆ ಬಂತು, ನಷ್ಟದ ಭಾರ ಷೇರುದಾರರ ಕಡೆಗೆ ಜಾರಿತು. ಮೆಕ್ಸಿಕೋದ ಮಾದಕ ದಂಧೆಯ ಹಣ ತನ್ನ ಮೂಲಕ ಹರಿಯಲು ಬಿಟ್ಟ ಎಚ್‌ಎಸ್‌ಬಿಸಿ ಬ್ಯಾಂಕು 2012ರಲ್ಲಿ ಅಮೆರಿಕಕ್ಕೆ ಸುಮಾರು 190 ಕೋಟಿ ಡಾಲರ್ ತೆತ್ತಿತು. ಆ ಪ್ರಕರಣದಲ್ಲಿ ಅಲ್ಲಿನ ಸರ್ಕಾರ ಯಾವ ಅಧಿಕಾರಿಯ ಮೇಲೂ ಮೊಕದ್ದಮೆ ಹೂಡಲಿಲ್ಲ. ಇದನ್ನು ಕನ್ನಡದಲ್ಲಿ ‘ಬ್ಯಾಂಕು ಹೊಣೆ ಹೊತ್ತಿತು’ ಎಂದು ಬರೆಯಲು ನನಗೆ ಮನಸ್ಸು ಬರುತ್ತಿಲ್ಲ. ‘ದಂಡ ತೆತ್ತಿತು’ ಅಷ್ಟೇ. ಒಣೆ ನಿಂತವರು ಯಾರೂ ಇರಲಿಲ್ಲ. ಪತ್ರಿಕೆಗಳ ‘ನೈತಿಕ ಹೊಣೆ ಹೊತ್ತು ರಾಜೀನಾಮೆ’ಯಲ್ಲೂ ನನಗೆ ಇದೇ ಕೊರತೆ ಕಾಣುತ್ತದೆ: ‘ನೈತಿಕ’ ಸೇರಿದಾಗ ಹೊಣೆಯ ಭಾರ ಹೆಚ್ಚಬೇಕಿತ್ತು, ಇಳಿದುಹೋಗಿದೆ.

ಹಾಗಾಗಿ ‘ನಿಯಮಿತ’ದ ಬದಲು ‘ಮಿತಹೊಣೆ’ ಎಂದು ಬಳಸುತ್ತಿದ್ದೇನೆ. ‘ಸೀಮಿತ ಹೊಣೆಗಾರಿಕೆ’ ಈಗಾಗಲೇ ಇದೆ, ಆದರೆ ಬೋರ್ಡಿಗೆ ಉದ್ದ. ‘ಮಿತಹೊಣೆ’ ಒಪ್ಪುತ್ತದೆಯೇ?

ಎರಡನೆಯದು ‘ಮಾರಲ್ ಹಜಾರ್ಡ್’. ಮುಳುಗಿದರೆ ಸರ್ಕಾರ ಎತ್ತುತ್ತದೆಂದು ಗೊತ್ತಿದ್ದು ಬ್ಯಾಂಕಿನವರು ಜೂಜಿಗಿಳಿಯುವುದು. ‘ನೈತಿಕ ಅಪಾಯ’ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ತರಗತಿಯಲ್ಲಿ ‘ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ’ ಅಂದೆ, ತಕ್ಷಣ ಹಿಡಿದರು. ಗಾದೆಯನ್ನೇ ಪಾರಿಭಾಷಿಕವಾಗಿ ಬಳಸಲಾಗದು. ‘ಎರವಲು ಧೈರ್ಯ’ ಎಂದರೆ ಹೇಗೆ?

ಇನ್ನೊಂದು ಮಾತು. ಧಾರವಾಡ, ಕರಾವಳಿ, ಮಲೆನಾಡಿನ ಕಡೆ ಸಾಲಕ್ಕೆ ‘ಹೊಣೆ ನಿಲ್ಲುವುದು’ ಎಂಬ ಬಳಕೆ ಇನ್ನೂ ಇದೆಯೇ, ಇಲ್ಲ ‘ಜಾಮೀನು’ ಒಂದೇ ಉಳಿದಿದೆಯೇ? ನಿಮ್ಮ ಮನೆಯ ಹಿರಿಯರನ್ನು ಕೇಳಿ, ಅವರು ಆಡುವ ಹಾಗೆಯೇ ಬರೆದು ತಿಳಿಸಿ.